ಹುಲಿಯ ಜೀನೋಮ್ ಓದುವ ಬೆಂಗಳೂರಿನ ಪ್ರಯೋಗಾಲಯ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಉಮಾ ರಾಮಕೃಷ್ಣನ್ ಅವರ ತಂಡ ಎರಡು ದಶಕಗಳಿಂದ ಕಾಡುಪ್ರಾಣಿಗಳ, ಮುಖ್ಯವಾಗಿ ಹುಲಿಗಳ, ಡಿಎನ್‌ಎ ಅಧ್ಯಯನ ನಡೆಸುತ್ತಿದೆ. ಒಡಿಶಾದ ಕಪ್ಪು ಹುಲಿಗಳ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಈ ಪ್ರಯೋಗಾಲಯದ ಹೆಸರು ಹೊರಗೂ ತಿಳಿಯಿತು. ಅಲ್ಲಿ ನಡೆಯುವ ಉಳಿದ ಕೆಲಸದ ಬಗ್ಗೆ ಮಾತ್ರ ಕನ್ನಡದಲ್ಲಿ ಬರೆದದ್ದು ಕಡಿಮೆ. ನಾನು ಆ ತಂಡದ ಸದಸ್ಯನಲ್ಲ. ಅವರು ಪ್ರಕಟಿಸಿದ ಸಂಶೋಧನೆಯನ್ನು ಹೊರಗಿನಿಂದ ಓದಿಕೊಂಡು ಬಂದ ಒಬ್ಬ ಓದುಗನಾಗಿ, ವಿದ್ಯಾರ್ಥಿಗಳು ಮತ್ತು ಕಾಡಂಚಿನ ಊರುಗಳ ಆಸಕ್ತರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಈ ಪ್ರಯೋಗಾಲಯ ಎಲ್ಲಿದೆ? ಇದು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು?

ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳ ದಾಟಿ ಮುಂದೆ ಹೋದರೆ ಸಿಗುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ, ಎಲ್ಲರೂ ಜಿಕೆವಿಕೆ ಎಂದು ಕರೆಯುವ ಆವರಣದೊಳಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್ ಇದೆ. ಇದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಒಂದು ಕೇಂದ್ರ. ಆ ಸಂಸ್ಥೆಗೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಇರುವುದರಿಂದ ಇಲ್ಲಿ ಓದಿದವರಿಗೆ ಪಿಎಚ್‌.ಡಿ. ಪದವಿಯೂ ಅದರ ಹೆಸರಿನಲ್ಲಿಯೇ ಸಿಗುತ್ತದೆ. ಕೇಂದ್ರವನ್ನು ಕಟ್ಟಿದವರು ಹಣ್ಣುನೊಣದ ತಳಿವಿಜ್ಞಾನದಲ್ಲಿ ದೊಡ್ಡ ಹೆಸರಾದ ಒಬೈದ್ ಸಿದ್ದಿಕಿ.

ಉಮಾ ರಾಮಕೃಷ್ಣನ್ ಯಾರು?

ಅವರು ಸ್ನಾತಕೋತ್ತರ ಪದವಿಯನ್ನು ಪುಣೆಯಲ್ಲಿ ಪಡೆದು, ಸ್ಯಾನ್ ಡಿಯೇಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ, ಬಳಿಕ ಸ್ಟ್ಯಾನ್‌ಫರ್ಡ್‌ನಲ್ಲಿ ಕೆಲಸ ಮಾಡಿದವರು. 2005ರಲ್ಲಿ ಎನ್‌ಸಿಬಿಎಸ್ ಸೇರಿದರು. ಷಿಕಾಗೊದ ಫೀಲ್ಡ್ ಮ್ಯೂಸಿಯಂ ಸಂರಕ್ಷಣಾ ಕೆಲಸಕ್ಕೆ ಕೊಡುವ ಪಾರ್ಕರ್ ಜೆಂಟ್ರಿ ಪ್ರಶಸ್ತಿ 2016ರಲ್ಲಿ ಅವರಿಗೆ ಸಂದಿತು. ಅದನ್ನು ಪಡೆದ ಮೊದಲ ಭಾರತೀಯರು ಅವರು. ಅವರ ಮೂಲ ವಿಷಯ ಜನಸಂಖ್ಯಾ ತಳಿವಿಜ್ಞಾನ, ಅಂದರೆ ಒಂದು ಪ್ರಾಣಿಯ ಬದಲು ಒಂದು ಇಡೀ ಸಮುದಾಯದ ಡಿಎನ್‌ಎ ಹೇಗೆ ಹರಡಿಕೊಂಡಿದೆ, ಎಲ್ಲಿ ಕಡಿಮೆಯಾಗುತ್ತಿದೆ, ಯಾವ ಕಾಲದಲ್ಲಿ ಕವಲೊಡೆಯಿತು ಎಂಬುದನ್ನು ಲೆಕ್ಕ ಹಾಕುವ ವಿದ್ಯೆ. ಹುಲಿ ಈ ಲೆಕ್ಕಕ್ಕೆ ಸಿಕ್ಕ ಒಂದು ವಿಷಯ ಮಾತ್ರ, ಆದರೆ ಅತ್ಯಂತ ದೊಡ್ಡ ವಿಷಯ.

ತಂಡದಲ್ಲಿ ಬೇರೆ ಯಾರು ಇರುತ್ತಾರೆ? ಎಲ್ಲರೂ ಬಿಳಿ ಕೋಟು ಹಾಕಿದ ವಿಜ್ಞಾನಿಗಳೇ?

ಇಲ್ಲ. ಸಂಶೋಧನಾರ್ಥಿಗಳು, ಪಿಎಚ್‌.ಡಿ. ಮುಗಿಸಿ ಮುಂದಿನ ಸಂಶೋಧನೆಗೆ ಬಂದವರು, ಪ್ರಯೋಗಾಲಯದ ತಂತ್ರಜ್ಞರು, ಕಂಪ್ಯೂಟರಿನಲ್ಲಿ ಡಿಎನ್‌ಎ ಅಕ್ಷರಗಳನ್ನು ಜೋಡಿಸುವವರು ಇಂಥ ತಂಡದಲ್ಲಿ ಇರುತ್ತಾರೆ. ಇವರ ಜತೆಗೆ, ಕಾಡಿನ ದಾರಿಗಳನ್ನು ಬಲ್ಲ ಅರಣ್ಯ ಇಲಾಖೆಯ ಕಾವಲುಗಾರರು ಮತ್ತು ಕಾಡಂಚಿನ ಊರುಗಳ ಸಹಾಯಕರು ಇಲ್ಲದೆ ಈ ಕೆಲಸದ ಮೊದಲ ಹೆಜ್ಜೆಯೂ ಸಾಗುವುದಿಲ್ಲ. ಯಾವ ತಿರುವಿನಲ್ಲಿ ಹುಲಿ ಗುರುತು ಹಾಕುತ್ತದೆ, ಕೆರೆಯ ಯಾವ ಬದಿಯಲ್ಲಿ ಬೆಳಗಿನ ಹೊತ್ತು ಹೆಜ್ಜೆ ಸಿಗುತ್ತದೆ ಎಂಬುದು ಅವರಿಗೆ ಗೊತ್ತು. ಸಂಶೋಧನಾ ಪ್ರಬಂಧಗಳಲ್ಲಿ ಅವರ ಹೆಸರು ಸಾಮಾನ್ಯವಾಗಿ ಕೊನೆಯ ಕೃತಜ್ಞತೆಯ ಸಾಲುಗಳಲ್ಲಿ ಬರುತ್ತದೆ. ಅದು ಮೇಲಕ್ಕೆ ಬರಬೇಕೆಂಬುದು ನನ್ನ ಅಭಿಪ್ರಾಯ.

ಇಲ್ಲಿಂದ ಹೊರಟವರು ದೇಶದ ಬೇರೆ ಬೇರೆ ಕಡೆ ತಮ್ಮದೇ ಕೆಲಸ ಕಟ್ಟಿಕೊಂಡಿದ್ದಾರೆ. ಹುಲಿಯ ಡಿಎನ್‌ಎ ಕುರಿತ ಆರಂಭದ ಅಧ್ಯಯನಗಳನ್ನು ಮಾಡಿದ ಸಮ್ರಾಟ್ ಮಂಡಲ್ ಈಗ ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿದ್ದರೆ, ಪಶ್ಚಿಮ ಘಟ್ಟದ ಹಕ್ಕಿಗಳ ಮೇಲೆ ಕೆಲಸ ಮಾಡಿದ ವಿ. ವಿ. ರಾಬಿನ್ ತಿರುಪತಿಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ (ಐಸರ್) ಕಲಿಸುತ್ತಾರೆ.

ಜೀನೋಮ್ ಎಂದರೆ ಏನು? ಜೀನ್ ಎಂಬುದೂ ಅದೇ ಅಲ್ಲವೇ?

ಜೀವಕೋಶದೊಳಗಿನ ಡಿಎನ್‌ಎ ಎಲ್ಲವನ್ನೂ ಸೇರಿಸಿ ಜೀನೋಮ್ ಎನ್ನುತ್ತೇವೆ. ಅದರಲ್ಲಿ ಒಂದು ನಿರ್ದಿಷ್ಟ ಕೆಲಸಕ್ಕೆ ಬೇಕಾದ ಸೂಚನೆ ಇರುವ ತುಣುಕಿಗೆ ಜೀನ್, ಕನ್ನಡದಲ್ಲಿ ವಂಶವಾಹಿ, ಎಂದು ಹೆಸರು. ಡಿಎನ್‌ಎಯನ್ನು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆಯುತ್ತಾರೆ. ಹುಲಿಯ ಜೀನೋಮಿನಲ್ಲಿ ಅಂಥ ಅಕ್ಷರಗಳು ಸುಮಾರು 240 ಕೋಟಿ, ಅವು 19 ಜೋಡಿ ವರ್ಣತಂತುಗಳಲ್ಲಿ ಹಂಚಿಕೊಂಡಿವೆ. ಮನುಷ್ಯನಲ್ಲಿ ಅಕ್ಷರಗಳು ಸುಮಾರು 300 ಕೋಟಿ, ವರ್ಣತಂತುಗಳು 23 ಜೋಡಿ.

ಪ್ರತಿಯೊಂದು ಪ್ರಾಣಿಗೂ ಪ್ರತಿಯೊಂದು ವಂಶವಾಹಿಯ ಎರಡು ಪ್ರತಿಗಳಿರುತ್ತವೆ: ತಾಯಿಯಿಂದ ಒಂದು, ತಂದೆಯಿಂದ ಒಂದು. ಮುಂದಿನ ಉತ್ತರಗಳೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿರುವುದರಿಂದ ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಹುಲಿಯನ್ನು ಹಿಡಿಯದೆ ಅದರ ಡಿಎನ್‌ಎ ಹೇಗೆ ಸಿಗುತ್ತದೆ?

ಹುಲಿಯ ಹಿಕ್ಕೆಯಿಂದ. ಕ್ಷೇತ್ರಕಾರ್ಯದವರು ಇದನ್ನು ಸ್ಕ್ಯಾಟ್ ಎಂದೇ ಕರೆಯುತ್ತಾರೆ. ಆಹಾರ ಕರುಳಿನಲ್ಲಿ ಸಾಗುವಾಗ ಕರುಳಿನ ಒಳಗೋಡೆಯ ಜೀವಕೋಶಗಳು ಉದುರಿ ಹಿಕ್ಕೆಯ ಹೊರಮೈಗೆ ಅಂಟಿಕೊಂಡಿರುತ್ತವೆ. ಹತ್ತಿ ಸುತ್ತಿದ ಕಡ್ಡಿಯಿಂದ ಆ ಹೊರಮೈಯನ್ನು ಮೆಲ್ಲಗೆ ಸವರಿ, ಡಿಎನ್‌ಎ ಕೆಡದಂತೆ ಕಾಪಾಡುವ ದ್ರಾವಣದಲ್ಲಿ ಅದ್ದಿ, ಸ್ಥಳ ಮತ್ತು ದಿನಾಂಕ ಬರೆದು ಪ್ರಯೋಗಾಲಯಕ್ಕೆ ತರುತ್ತಾರೆ. ಮಳೆ ಬಿದ್ದರೆ ಮಾದರಿ ತೊಳೆದುಹೋಗುತ್ತದೆ, ಬಿಸಿಲು ಬಡಿದರೆ ಡಿಎನ್‌ಎ ತುಂಡಾಗುತ್ತದೆ; ಆದ್ದರಿಂದ ಹಿಕ್ಕೆ ಎಷ್ಟು ತಾಜಾ ಇದೆಯೋ ಅಷ್ಟು ಒಳ್ಳೆಯದು.

ಕಷ್ಟ ಶುರುವಾಗುವುದು ಆಮೇಲೆ. ಹಿಕ್ಕೆಯಲ್ಲಿ ಇರುವ ಡಿಎನ್‌ಎಯ ಬಹುಪಾಲು ಹುಲಿಯದ್ದೇ ಅಲ್ಲ. ಬ್ಯಾಕ್ಟೀರಿಯಾಗಳದ್ದು ಹೇರಳವಾಗಿರುತ್ತದೆ, ಅದು ತಿಂದ ಜಿಂಕೆಯದ್ದೋ ಕಾಟಿಯದ್ದೋ ಇರುತ್ತದೆ, ಎಚ್ಚರ ತಪ್ಪಿದರೆ ಮಾದರಿ ಮುಟ್ಟಿದವರದ್ದೂ ಸೇರಿಕೊಳ್ಳುತ್ತದೆ. ಮೇಲಾಗಿ, ಚಿರತೆಯ ಹಿಕ್ಕೆಯನ್ನು ಹುಲಿಯದ್ದೆಂದು ತಂದಿರುವ ಸಾಧ್ಯತೆಯೂ ಇರುತ್ತದೆ. ಹಾಗಾಗಿ ಮೊದಲು ಪ್ರಾಣಿ ಯಾವುದೆಂದು ಖಚಿತಪಡಿಸಿಕೊಳ್ಳುತ್ತಾರೆ. ಬಳಿಕ ಪಿಸಿಆರ್ ಎಂಬ ವಿಧಾನದಿಂದ ಹುಲಿಯ ಡಿಎನ್‌ಎಯ ಆಯ್ದ ತುಣುಕುಗಳನ್ನು ಮಾತ್ರ ಲಕ್ಷಾಂತರ ಪಟ್ಟು ಹೆಚ್ಚಿಸಿ ಓದುತ್ತಾರೆ. ಡಿಎನ್‌ಎ ಬಹಳ ಕಡಿಮೆ ಇದ್ದಾಗ ತಾಯಿಯ ಪ್ರತಿ ಮಾತ್ರ ಕಂಡು ತಂದೆಯ ಪ್ರತಿ ಕಾಣದೆ ಹೋಗಬಹುದು. ಒಂದೇ ಹುಲಿ ಎರಡು ಹುಲಿಗಳಾಗಿ ಲೆಕ್ಕಕ್ಕೆ ಬರುವುದು ಇಂಥ ತಪ್ಪಿನಿಂದಲೇ. ಅದನ್ನು ತಡೆಯಲು ಒಂದೇ ಮಾದರಿಯನ್ನು ಹಲವು ಸಲ ಓದಿ ಹೋಲಿಸುತ್ತಾರೆ, ಮಾದರಿಯೇ ಇಲ್ಲದ ಖಾಲಿ ನಳಿಕೆಯನ್ನೂ ಅದೇ ಪರೀಕ್ಷೆಗೆ ಒಡ್ಡುತ್ತಾರೆ. ಖಾಲಿ ನಳಿಕೆಯಲ್ಲಿ ಹುಲಿ ಕಂಡರೆ ಆ ದಿನದ ಕೆಲಸವೆಲ್ಲ ಕಸದ ಬುಟ್ಟಿಗೆ.

ಹಿಂದೆ ಒಂದು ಹಿಕ್ಕೆಯಿಂದ ಹತ್ತಾರು ಗುರುತುಗಳನ್ನು, ಅಂದರೆ ಹುಲಿಯಿಂದ ಹುಲಿಗೆ ಬದಲಾಗುವ ಡಿಎನ್‌ಎ ತಾಣಗಳನ್ನು, ಓದುವುದೇ ದೊಡ್ಡ ಕೆಲಸವಾಗಿತ್ತು. ಈ ತಂಡ ಮೇಘನಾ ನಟೇಶ್ ಅವರ ನೇತೃತ್ವದಲ್ಲಿ 2019ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ನೂರಾರು ಗುರುತುಗಳನ್ನು ಒಂದೇ ನಳಿಕೆಯಲ್ಲಿ ಒಟ್ಟಿಗೆ ಹೆಚ್ಚಿಸಿ ಡಿಎನ್‌ಎ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಯಂತ್ರಕ್ಕೆ ಕೊಡುತ್ತಾರೆ. ಹಿಕ್ಕೆ ಮಾತ್ರವಲ್ಲದೆ ಮರಕ್ಕೆ ಅಂಟಿದ ಕೂದಲು, ಹುಲಿ ಕೊಂದ ಪ್ರಾಣಿಯ ಮೇಲೆ ಉಳಿದ ಜೊಲ್ಲು ಕೂಡ ಇದಕ್ಕೆ ಸಾಕಾಗುತ್ತದೆ. ಖರ್ಚೂ ಕಡಿಮೆ. ನನ್ನ ಮಟ್ಟಿಗೆ ಇದು ಕಪ್ಪು ಹುಲಿಯ ಸುದ್ದಿಗಿಂತಲೂ ಹೆಚ್ಚು ಕಾಲ ಉಪಯೋಗಕ್ಕೆ ಬರುವ ಕೊಡುಗೆ.

ಕ್ಯಾಮೆರಾ ಟ್ರ್ಯಾಪ್ ಇರುವಾಗ ಹಿಕ್ಕೆ ಹೆಕ್ಕುವ ಶ್ರಮ ಏಕೆ?

ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲವಾದ್ದರಿಂದ ಪ್ರಾಣಿ ಹಾದುಹೋದಾಗ ತಾನಾಗಿ ಕ್ಲಿಕ್ಕಿಸುವ ಕ್ಯಾಮೆರಾ ಟ್ರ್ಯಾಪ್ ಫೋಟೊಗಳಿಂದ ಹುಲಿಗಳನ್ನು ಎಣಿಸಬಹುದು. ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಈ ವಿಧಾನವನ್ನು ಸಂಖ್ಯಾಶಾಸ್ತ್ರದ ತಳಹದಿಯ ಮೇಲೆ ನಿಲ್ಲಿಸಿ 1995ರಲ್ಲಿ ಪ್ರಕಟಿಸಿದ್ದು ಜಗತ್ತಿನ ಹುಲಿ ಎಣಿಕೆಯ ದಾರಿಯನ್ನೇ ಬದಲಿಸಿತು. ಅವರೊಂದಿಗೆ ಸೇರಿ ಎನ್‌ಸಿಬಿಎಸ್ ತಂಡ ಬಂಡೀಪುರದಲ್ಲಿ ಹಿಕ್ಕೆಯ ಡಿಎನ್‌ಎಯಿಂದಲೂ ಹುಲಿಗಳನ್ನು ಎಣಿಸಿ, 2009ರಲ್ಲಿ ಎರಡೂ ಅಂದಾಜುಗಳನ್ನು ಅಕ್ಕಪಕ್ಕ ಇಟ್ಟು ನೋಡಿತು. ಎರಡು ಬೇರೆ ಬೇರೆ ದಾರಿಗಳಿಂದ ಬಂದ ಅಂಕಿಗಳು ಬಹಳ ಹತ್ತಿರವಾಗಿದ್ದವು. ಹಿಕ್ಕೆಯ ಲೆಕ್ಕವನ್ನು ನಂಬಬಹುದು ಎಂಬ ವಿಶ್ವಾಸ ಬಂದದ್ದು ಅಲ್ಲಿಂದ.

ಆದರೆ ಎಣಿಕೆಗೆ ಮಾತ್ರವಾದರೆ ಕ್ಯಾಮೆರಾ ಸಾಕಿತ್ತು. ಈ ಹುಲಿ ಆ ಹುಲಿಗೆ ಏನಾಗಬೇಕು, ಇದರ ಹಿರಿಯರು ಯಾವ ಕಾಡಿನಿಂದ ಬಂದರು, ತಂದೆತಾಯಿಗಳು ರಕ್ತಸಂಬಂಧಿಗಳೇ ಎಂಬ ಪ್ರಶ್ನೆಗಳಿಗೆ ಫೋಟೊದಲ್ಲಿ ಉತ್ತರವಿಲ್ಲ. ಅದಕ್ಕೆ ಡಿಎನ್‌ಎ ಬೇಕು.

ಸಿಮಿಲಿಪಾಲದ ಕಪ್ಪು ಹುಲಿಗಳ ವಿಷಯದಲ್ಲಿ ಇವರು ಕಂಡುಕೊಂಡದ್ದೇನು?

ಒಡಿಶಾದ ಸಿಮಿಲಿಪಾಲದಲ್ಲಿ ಕೆಲವು ಹುಲಿಗಳ ಮೈಮೇಲಿನ ಕಪ್ಪು ಪಟ್ಟೆಗಳು ಅಗಲವಾಗಿ ಹರಡಿ ಒಂದಕ್ಕೊಂದು ಸೇರಿಹೋಗಿವೆ. ನಡುವಿನ ಕಿತ್ತಳೆ ಬಣ್ಣ ಅಲ್ಲಲ್ಲಿ ಇಣುಕುತ್ತದೆ ಅಷ್ಟೆ. ಇವು ಪೂರ್ತಿ ಕಪ್ಪು ಅಲ್ಲದ ಕಾರಣ ವಿಜ್ಞಾನಿಗಳು ಇವನ್ನು ಹುಸಿಕಪ್ಪು ಹುಲಿಗಳು ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಇಂಥ ಹುಲಿಗಳು ಭುವನೇಶ್ವರದ ನಂದನಕಾನನ ಮೃಗಾಲಯದಲ್ಲಿಯೂ ಹುಟ್ಟಿದ್ದವು, ಅದೂ ಮಾಮೂಲಿ ಬಣ್ಣದ ತಂದೆತಾಯಿಗಳಿಗೆ. ಸಂಶೋಧಕರಿಗೆ ಮೊದಲ ಸುಳಿವು ಕೊಟ್ಟದ್ದು ಈ ಸಂಗತಿಯೇ. ತಂದೆತಾಯಿಯಲ್ಲಿ ಕಾಣದ ಗುಣ ಮರಿಯಲ್ಲಿ ಕಂಡರೆ, ಇಬ್ಬರೂ ಆ ಗುಣದ ಒಂದೊಂದು ಪ್ರತಿಯನ್ನು ಒಳಗೇ ಹೊತ್ತಿದ್ದರು ಎಂದು ಅರ್ಥ.

ವಿನಯ್ ಸಾಗರ್ ಮತ್ತು ಸಂಗಡಿಗರು ಮೃಗಾಲಯದ ಹುಲಿಗಳ ವಂಶಾವಳಿಯನ್ನು ಹಿಡಿದು, ಕಪ್ಪು ಮರಿಗಳ ಮತ್ತು ಮಾಮೂಲಿ ಮರಿಗಳ ಜೀನೋಮುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿದರು. ವ್ಯತ್ಯಾಸ ಸಿಕ್ಕಿದ್ದು ಟ್ಯಾಕ್‌ಪೆಪ್ ಎಂಬ ವಂಶವಾಹಿಯಲ್ಲಿ, ಸಿ ಇರಬೇಕಾದ ಒಂದೇ ಒಂದು ಸ್ಥಾನದಲ್ಲಿ ಟಿ ಬಂದದ್ದರಲ್ಲಿ. ಆ ಒಂದು ಅಕ್ಷರದ ಬದಲಾವಣೆಯಿಂದ ಆ ವಂಶವಾಹಿ ರೂಪಿಸುವ ಪ್ರೋಟೀನಿನ 454ನೆಯ ಸ್ಥಾನದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲದ ಬದಲು ಟೈರೊಸಿನ್ ಕೂರುತ್ತದೆ. ಮನೆಯ ಬೆಕ್ಕುಗಳಲ್ಲಿ ಪಟ್ಟೆಗಳು ಕಲಸಿದಂತಾಗುವುದಕ್ಕೂ, ಆಫ್ರಿಕಾದ ಕಿಂಗ್ ಚೀತಾದ ಅಗಲ ಪಟ್ಟೆಗಳಿಗೂ ಇದೇ ವಂಶವಾಹಿಯಲ್ಲಿನ ಬದಲಾವಣೆ ಕಾರಣವೆಂದು 2012ರಲ್ಲಿ ಗೊತ್ತಾಗಿತ್ತು. ಆ ಕೆಲಸ ಮಾಡಿದ ಅಮೆರಿಕದ ವಿಜ್ಞಾನಿಗಳೂ, ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದವರೂ (ಸಿಸಿಎಂಬಿ) ಈ ಅಧ್ಯಯನದಲ್ಲಿ ಕೈಜೋಡಿಸಿದ್ದರು. ಫಲಿತಾಂಶ ಪ್ರಕಟವಾದದ್ದು 2021ರಲ್ಲಿ.

ಬಣ್ಣದ ಗುಟ್ಟು ಗೊತ್ತಾದದ್ದು ಕಥೆಯ ಅರ್ಧ. ಭಾರತದ ಬೇರೆ ಕಾಡುಗಳ ನೂರಾರು ಹುಲಿಗಳಲ್ಲಿ ಹುಡುಕಿದರೂ ಈ ಬದಲಾದ ಪ್ರತಿ ಒಂದರಲ್ಲಿಯೂ ಸಿಗಲಿಲ್ಲ. ಸಿಮಿಲಿಪಾಲದಲ್ಲಿ ಮಾತ್ರ ಈ ವಂಶವಾಹಿಯ 100 ಪ್ರತಿಗಳಲ್ಲಿ ಸುಮಾರು 58 ಬದಲಾದವು. ತಾಯಿಯಿಂದಲೂ ತಂದೆಯಿಂದಲೂ ಅದೇ ಪ್ರತಿ ಬರುವ ಸಂಭವವನ್ನು ಲೆಕ್ಕ ಹಾಕಿ: 0.58ನ್ನು 0.58ರಿಂದ ಗುಣಿಸಿದರೆ ಸುಮಾರು 0.34, ಅಂದರೆ ಮೂರರಲ್ಲಿ ಒಂದು ಹುಲಿ ಕಪ್ಪಾಗಿರಬೇಕು. ಅಲ್ಲಿ ಕಂಡ ಪ್ರಮಾಣ ಶೇಕಡಾ 37. ಕಾಲೇಜಿನಲ್ಲಿ ಬಟಾಣಿ ಗಿಡದ ಉದಾಹರಣೆಯಿಂದ ಕಲಿತ ಸರಳ ಲೆಕ್ಕ ಕಾಡಿನಲ್ಲಿ ಇಷ್ಟು ಹತ್ತಿರ ಬಂದು ಕೂರುವುದನ್ನು ನೋಡಿದಾಗ ನನಗೆ ಈಗಲೂ ರೋಮಾಂಚನವಾಗುತ್ತದೆ.

ಇಷ್ಟು ಅಪರೂಪದ ಪ್ರತಿ ಒಂದೇ ಕಾಡಿನಲ್ಲಿ ಇಷ್ಟು ಹೆಚ್ಚಲು ಕಾರಣ ಪ್ರತ್ಯೇಕತೆ. ಸಿಮಿಲಿಪಾಲದ ಹುಲಿಗಳು ಕೆಲವೇ ಹಿರಿಯರ ಸಂತತಿ, ಬೇರೆ ಹುಲಿಕಾಡುಗಳಿಂದ ಬಹಳ ದೂರ. ಹೊರಗಿನಿಂದ ಹೊಸ ಹುಲಿ ಬರುವುದು ನಿಂತುಹೋದ ಚಿಕ್ಕ ಗುಂಪಿನಲ್ಲಿ ಯಾವ ಪ್ರತಿ ಹೆಚ್ಚುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ಆಕಸ್ಮಿಕ ನಿರ್ಧರಿಸುತ್ತದೆ. ಕಪ್ಪು ಪಟ್ಟೆ ಆ ಆಕಸ್ಮಿಕದ ಕಣ್ಣಿಗೆ ಕಾಣುವ ಗುರುತು. ಕಣ್ಣಿಗೆ ಕಾಣದ ಇನ್ನೆಷ್ಟೋ ಬದಲಾವಣೆಗಳು ಅದೇ ರೀತಿ ಹೆಚ್ಚಿರುತ್ತವೆ.

ಹಾಗಾದರೆ ಕಪ್ಪು ಹುಲಿ ಬೇರೆ ಜಾತಿಯೇ? ಬಿಳಿ ಹುಲಿಯೂ ಹೀಗೆಯೇ?

ಬೇರೆ ಜಾತಿಯಲ್ಲ, ಬೇರೆ ಉಪಜಾತಿಯೂ ಅಲ್ಲ. ಬಿಳಿ ಹುಲಿಯೂ ಬಂಗಾಳ ಹುಲಿಯೇ. ಬೇರೊಂದು ವಂಶವಾಹಿಯ ಬದಲಾವಣೆ ಅದಕ್ಕೆ ಕಾರಣ. ಮೃಗಾಲಯಗಳ ಬಿಳಿ ಹುಲಿಗಳಲ್ಲಿ ಬಹಳಷ್ಟು 1951ರಲ್ಲಿ ಮಧ್ಯಪ್ರದೇಶದ ರೇವಾದಲ್ಲಿ ಸೆರೆಸಿಕ್ಕ ಮೋಹನ್ ಎಂಬ ಗಂಡುಮರಿಯ ಸಂತತಿ. ಬಣ್ಣವನ್ನು ಉಳಿಸಲು ಹತ್ತಿರದ ಸಂಬಂಧಿಗಳನ್ನೇ ಮತ್ತೆ ಮತ್ತೆ ಕೂಡಿಸಿದ್ದರ ದುಷ್ಪರಿಣಾಮಗಳನ್ನು ಅವು ಅನುಭವಿಸಿವೆ.

ರಕ್ತಸಂಬಂಧದಲ್ಲಿ ಹುಟ್ಟಿದರೆ ಆಗುವ ತೊಂದರೆ ಏನು? ರಾಜಸ್ಥಾನದ ರಣಥಂಭೋರ್‌ನ ಹುಲಿಗಳು ಚೆನ್ನಾಗಿಯೇ ಇವೆಯಲ್ಲ?

ಈ ಪ್ರಶ್ನೆ ಕೇಳುವವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಪ್ರತಿ ಪ್ರಾಣಿಯ ಜೀನೋಮಿನಲ್ಲಿಯೂ ಕೆಲವು ದೋಷಪೂರಿತ ಪ್ರತಿಗಳು ಇರುತ್ತವೆ. ಜೋಡಿಯ ಇನ್ನೊಂದು ಪ್ರತಿ ಸರಿಯಾಗಿದ್ದರೆ ತೊಂದರೆ ಹೊರಗೆ ಕಾಣುವುದಿಲ್ಲ. ತಂದೆತಾಯಿ ಇಬ್ಬರೂ ಒಂದೇ ಅಜ್ಜಿಯ ಮೊಮ್ಮಕ್ಕಳಾದರೆ ಅಜ್ಜಿಯ ದೋಷಪೂರಿತ ಪ್ರತಿ ಎರಡೂ ಕಡೆಯಿಂದ ಬಂದು ಮರಿಯಲ್ಲಿ ಜೊತೆಯಾಗಬಹುದು. ಆಗ ರೋಗನಿರೋಧಕ ಶಕ್ತಿ, ಸಂತಾನಶಕ್ತಿ ಅಥವಾ ಮರಿಗಳು ಬದುಕುಳಿಯುವ ಪ್ರಮಾಣಕ್ಕೆ ಪೆಟ್ಟು ಬೀಳುತ್ತದೆ.

ಅನುಭಬ್ ಖಾನ್ ಮತ್ತು ತಂಡ ಭಾರತದ 57 ಹುಲಿಗಳ ಪೂರ್ಣ ಜೀನೋಮುಗಳನ್ನು ಓದಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುತ್ತದೆ. ರಣಥಂಭೋರ್‌ನಂಥ ಪ್ರತ್ಯೇಕಗೊಂಡ ಸಣ್ಣ ಗುಂಪಿನ ಹುಲಿಗಳನ್ನು ಮಧ್ಯ ಭಾರತ ಮತ್ತು ದಕ್ಷಿಣದ ದೊಡ್ಡ ಗುಂಪುಗಳ ಹುಲಿಗಳೊಂದಿಗೆ ಅವರು ಹೋಲಿಸಿದರು. ರಣಥಂಭೋರ್‌ನ ಹುಲಿಗಳ ಜೀನೋಮಿನಲ್ಲಿ ತಾಯಿಯ ಪ್ರತಿಯೂ ತಂದೆಯ ಪ್ರತಿಯೂ ಅಕ್ಷರಶಃ ಒಂದೇ ಆಗಿರುವ ಉದ್ದುದ್ದನೆಯ ಭಾಗಗಳು ಕಂಡವು. ಇತ್ತೀಚಿನ ತಲೆಮಾರುಗಳಲ್ಲಿ ಹತ್ತಿರದ ಸಂಬಂಧಿಗಳು ಕೂಡಿದ್ದಕ್ಕೆ ಅದೇ ಸಾಕ್ಷಿ.

ಜತೆಗೆ ಇನ್ನೊಂದು ಸೂಕ್ಷ್ಮ ಸಂಗತಿಯೂ ಹೊರಬಿತ್ತು. ತೀವ್ರ ಹಾನಿ ಮಾಡುವ ಕೆಲವು ದೋಷಗಳು ಸಣ್ಣ ಗುಂಪಿನಲ್ಲಿ ಕಡಿಮೆಯಾಗಿದ್ದವು. ಎರಡೂ ಕಡೆಯಿಂದ ಅಂಥ ದೋಷ ಬಂದ ಮರಿಗಳು ಬೆಳೆದು ಸಂತಾನ ಬಿಡದೆ ಹೋದಾಗ ಆ ದೋಷವೂ ಅವುಗಳೊಂದಿಗೆ ಹೋಗುತ್ತದೆ. ಇದನ್ನು ಕೇಳಿ, ಪ್ರಕೃತಿಯೇ ಸೋಸಿ ಶುದ್ಧ ಮಾಡುತ್ತಿದೆ, ಚಿಂತೆ ಬೇಡ ಎಂದು ಹೇಳುವವರಿದ್ದಾರೆ. ಅಧ್ಯಯನ ಹೇಳುವುದು ಹಾಗಲ್ಲ. ಸೋಸಿ ಹೋದ ಮೇಲೂ ಉಳಿದ ದೋಷಗಳು ಆ ಗುಂಪಿನಲ್ಲಿ ಬಹಳ ಸಾಮಾನ್ಯವಾಗಿಬಿಟ್ಟಿವೆ, ಒಂದೊಂದು ಹುಲಿಯಲ್ಲಿಯೂ ಜೋಡಿಯಾಗಿ ಕೂತಿವೆ. ಬದಲಿಗೆ ಸರಿಯಾದ ಪ್ರತಿಯೇ ಗುಂಪಿನಲ್ಲಿ ಇಲ್ಲದಿದ್ದರೆ ಸೋಸುವುದಾದರೂ ಏನನ್ನು? ಹುಲಿಗಳ ಸಂಖ್ಯೆ ಏರುತ್ತಿರುವಾಗಲೂ ಒಳಗೆ ಈ ಸವೆತ ನಡೆಯುತ್ತಲೇ ಇರಬಹುದು. ಗಣತಿಯ ಅಂಕಿ ನೋಡಿ ಸಂಭ್ರಮಿಸುವಾಗ ನಾವು ಮರೆಯುವುದು ಇದನ್ನೇ.

ಬೇರೆ ಕಾಡಿನಿಂದ ಒಂದೆರಡು ಹುಲಿ ತಂದು ಬಿಟ್ಟರೆ ಸಮಸ್ಯೆ ಬಗೆಹರಿಯುವುದಿಲ್ಲವೇ?

ಕೆಲವು ಕಡೆ ಬೇರೆ ದಾರಿಯೇ ಇಲ್ಲ. 2024ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣುಹುಲಿಗಳನ್ನು ಸಿಮಿಲಿಪಾಲಕ್ಕೆ ತಂದದ್ದು ಹೊಸ ಡಿಎನ್‌ಎ ಸೇರಲಿ ಎಂಬ ಉದ್ದೇಶದಿಂದಲೇ. ಜೀನತ್ ಹೊಸ ಕಾಡಿನಲ್ಲಿ ನಿಲ್ಲದೆ ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳಕ್ಕೆ ನಡೆದುಹೋಯಿತು. ಡಿಸೆಂಬರ್ ಕೊನೆಯಲ್ಲಿ ಬಾಂಕುಡಾ ಜಿಲ್ಲೆಯಲ್ಲಿ ಅರಿವಳಿಕೆ ಕೊಟ್ಟು ಅದನ್ನು ಹಿಡಿಯಬೇಕಾಯಿತು.

ಯಾವ ಕಾಡಿನಿಂದ ಯಾವ ಕಾಡಿಗೆ ತರಬೇಕು ಎಂಬುದಕ್ಕೂ ಜೀನೋಮ್ ಮಾಹಿತಿ ಬೇಕು. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿ ಪೂರ್ತಿ ಅಳಿದ ಮೇಲೆ 2008ರಿಂದ ತಂದುಬಿಟ್ಟದ್ದು ರಣಥಂಭೋರ್‌ನ ಹುಲಿಗಳನ್ನು. ಮೊದಲೇ ಒಂದಕ್ಕೊಂದು ಸಂಬಂಧಿಗಳಾಗಿದ್ದ ಹುಲಿಗಳಿಂದ ಹೊಸ ಕಾಡು ತುಂಬಿದರೆ, ಆ ಸಂಬಂಧವೂ ಅವುಗಳೊಂದಿಗೆ ಬರುತ್ತದೆ. ಲಾರಿಯಲ್ಲಿ ಹುಲಿ ಸಾಗಿಸುವುದು ತುರ್ತುಚಿಕಿತ್ಸೆ. ಹುಲಿ ತಾನಾಗಿ ನಡೆದು ಹೋಗುವ ದಾರಿಯನ್ನು ಉಳಿಸಿಕೊಳ್ಳುವುದಕ್ಕೆ ಅದು ಬದಲಿಯಾಗಲಾರದು.

ಹಳೆಯ ಕಾಲದ ಹುಲಿಗಳ ಡಿಎನ್‌ಎಯನ್ನೂ ಓದಿದ್ದಾರೆಯೇ?

ಓದಿದ್ದಾರೆ. ಬ್ರಿಟಿಷರ ಕಾಲದ ಬೇಟೆಯಲ್ಲಿ ಸತ್ತ ಭಾರತದ ಹುಲಿಗಳ ಚರ್ಮ, ಮೂಳೆಗಳು ಬ್ರಿಟನ್ನಿನ ವಸ್ತುಸಂಗ್ರಹಾಲಯಗಳಲ್ಲಿ ಈಗಲೂ ಇವೆ. ಕಾರ್ಡಿಫ್ ವಿಶ್ವವಿದ್ಯಾಲಯದ ಮೈಕೆಲ್ ಬ್ರೂಫೋರ್ಡ್ ಅವರೊಂದಿಗೆ ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಹಳೆಯ ಹುಲಿಗಳ ಮೈಟೊಕಾಂಡ್ರಿಯದ (ಜೀವಕೋಶದೊಳಗೆ ಶಕ್ತಿ ಒದಗಿಸುವ ಪುಟ್ಟ ಘಟಕದ) ಡಿಎನ್‌ಎಯನ್ನು ಇಂದಿನ ಹುಲಿಗಳದ್ದರೊಂದಿಗೆ ಹೋಲಿಸಲಾಯಿತು. ತಾಯಿಯ ಕಡೆಯಿಂದ ಮಾತ್ರ ಬರುವ ಈ ಡಿಎನ್‌ಎಯಲ್ಲಿ ಅಂದು ಕಂಡ ಬಗೆಗಳ ಪೈಕಿ ಶೇಕಡಾ 93 ಇಂದಿನ ಹುಲಿಗಳಲ್ಲಿ ಸಿಗಲಿಲ್ಲ. ಅಷ್ಟು ತಾಯಿವಂಶಗಳು ಕೊನೆಗೊಂಡಿವೆ. ಹುಲಿ ಕೊಂದು ಕಾಲಿಟ್ಟು ನಿಂತ ಹಳೆಯ ಛಾಯಾಚಿತ್ರಗಳನ್ನು ಅರಮನೆಗಳಲ್ಲಿ ನೋಡುವಾಗಲೆಲ್ಲ ನನಗೆ ಈ ಅಂಕಿ ನೆನಪಾಗುತ್ತದೆ.

ಇಷ್ಟು ಕಳೆದುಕೊಂಡ ಮೇಲೂ ಭಾರತದ ಹುಲಿಗಳಿಗೆ ಮಹತ್ವ ಏಕೆ?

ಬೇರೆ ದೇಶಗಳು ಇನ್ನೂ ಹೆಚ್ಚು ಕಳೆದುಕೊಂಡಿವೆ. ಜಗತ್ತಿನ ಹುಲಿಗಳಲ್ಲಿ ಉಳಿದ ಆನುವಂಶಿಕ ವೈವಿಧ್ಯದ ಅರ್ಧಕ್ಕಿಂತ ಹೆಚ್ಚು ಭಾರತದಲ್ಲಿದೆ ಎಂದು ಈ ತಂಡ 2009ರಲ್ಲಿಯೇ ತೋರಿಸಿತ್ತು. ಆಮೇಲೆ ಸ್ಟ್ಯಾನ್‌ಫರ್ಡ್‌ನವರೊಂದಿಗೆ ಪೂರ್ಣ ಜೀನೋಮುಗಳನ್ನು ಓದಿದಾಗಲೂ ವೈವಿಧ್ಯ ಹೆಚ್ಚು ಇರುವುದು ಬಂಗಾಳ ಹುಲಿಗಳಲ್ಲಿಯೇ ಎಂದು ಕಂಡುಬಂತು.

ಕರ್ನಾಟಕದ ಹುಲಿಗಳ ಸ್ಥಿತಿ ಹೇಗಿದೆ?

2022ರ ಗಣತಿಯಲ್ಲಿ ಮಧ್ಯಪ್ರದೇಶದ 785ರ ನಂತರದ ಸ್ಥಾನ ಕರ್ನಾಟಕದ 563 ಹುಲಿಗಳದ್ದು. ನಾಗರಹೊಳೆ, ಬಂಡೀಪುರ, ತಮಿಳುನಾಡಿನ ಮುದುಮಲೈ, ಕೇರಳದ ವಯನಾಡು ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಅಲ್ಲಿರುವುದು ಜಗತ್ತಿನ ಅತಿ ದೊಡ್ಡ ಹುಲಿ ಸಮುದಾಯಗಳಲ್ಲಿ ಒಂದು. ರಣಥಂಭೋರ್‌ಗೆ ಬಂದ ಕಷ್ಟ ಇಲ್ಲಿಗೆ ಬಾರದಿರಲು ಆ ಜೋಡಣೆಯೇ ಕಾರಣ.

ಹುಲಿ ಎಷ್ಟು ದೂರ ನಡೆಯುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆ ಇದೆ. ಬಂಡೀಪುರದಲ್ಲಿ ಕ್ಯಾಮೆರಾಗೆ ಸಿಕ್ಕ ಒಂದು ಗಂಡು ಹುಲಿ 2011ರಲ್ಲಿ ಸುಮಾರು 280 ಕಿಲೋಮೀಟರ್ ದೂರದ ಶಿಕಾರಿಪುರ ತಾಲ್ಲೂಕಿನಲ್ಲಿ ಕಾಣಿಸಿಕೊಂಡಿತು. ಪಟ್ಟೆಗಳನ್ನು ಹೋಲಿಸಿ ಎರಡೂ ಒಂದೇ ಎಂದು ಗುರುತಿಸಿದರು. ಅದು ಕಾಫಿ ತೋಟ, ಅಡಿಕೆ ತೋಟ, ರಸ್ತೆ, ಊರುಗಳ ಅಂಚಿನಲ್ಲಿಯೇ ಸಾಗಿರಬೇಕು. ಮಧ್ಯ ಭಾರತದಲ್ಲಿ ಡಿಎನ್‌ಎ ಆಧರಿಸಿ ಈ ತಂಡ ನಡೆಸಿದ ಅಧ್ಯಯನಗಳೂ ಇದನ್ನೇ ಹೇಳುತ್ತವೆ: ಹೊಲಗದ್ದೆಗಳ ನಡುವೆ ಹುಲಿ ಹೇಗೋ ದಾರಿ ಮಾಡಿಕೊಂಡು ಹೋಗುತ್ತದೆ, ಆದರೆ ದಟ್ಟ ಜನವಸತಿ ಮತ್ತು ವಾಹನಗಳು ಬಿಡುವಿಲ್ಲದೆ ಓಡುವ ಹೆದ್ದಾರಿ ಅದನ್ನು ತಡೆಯುತ್ತವೆ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ಇರುವ ರಾತ್ರಿ ಸಂಚಾರ ನಿಷೇಧದ ಚರ್ಚೆ ಮತ್ತೆ ಮತ್ತೆ ಏಳುತ್ತದೆ. ಆ ಚರ್ಚೆಯಲ್ಲಿ ರಸ್ತೆಗೆ ಬಲಿಯಾದ ಪ್ರಾಣಿಗಳ ಲೆಕ್ಕ ಬರುವಂತೆ, ರಸ್ತೆ ದಾಟಲಾಗದೆ ಕವಲು ನಿಂತುಹೋಗುವ ವಂಶಗಳ ಲೆಕ್ಕವೂ ಬರಬೇಕು.

ಈ ತಂಡ ಹುಲಿಯನ್ನು ಬಿಟ್ಟು ಬೇರೆ ಪ್ರಾಣಿಗಳ ಅಧ್ಯಯನ ಮಾಡುವುದಿಲ್ಲವೇ?

ಮಾಡುತ್ತದೆ. ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡುಗಳ ಪುಟ್ಟ ಹಕ್ಕಿಗಳ ಡಿಎನ್‌ಎ ಓದಿದಾಗ, ಹಿಮಾಲಯದ ಹಕ್ಕಿಗಳ ಬಳಗಕ್ಕೆ ಸೇರಿಸಿದ್ದವು ನಿಜಕ್ಕೂ ಲಕ್ಷಾಂತರ ವರ್ಷಗಳಿಂದ ಇಲ್ಲಿಯೇ ಬೇರೆಯಾಗಿ ಬೆಳೆದ ವಂಶಗಳು ಎಂದು ತಿಳಿಯಿತು. 2017ರಲ್ಲಿ ಅವುಗಳಿಗೆ ಶೋಲಿಕೋಲ, ಮಾಂಟೆಸಿಂಕ್ಲ ಎಂಬ ಎರಡು ಹೊಸ ಕುಲಗಳ ಹೆಸರು ಕೊಟ್ಟರು. ಪಾಲಕ್ಕಾಡಿನ ಬಳಿ ಘಟ್ಟ ತಗ್ಗಿ ಬಯಲಾಗುವ ಕಡೆ ಈ ಹಕ್ಕಿಗಳು ದಾಟಲಾರವು. ಕಂದರದ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಬಗೆಯಾಗಿ ಅವು ಕವಲೊಡೆದಿವೆ. ನಮ್ಮ ಬಾಬಾಬುಡನ್‌ಗಿರಿಯ ಶೋಲಾಗಳಲ್ಲಿ ಇರುವುದು ಉತ್ತರದ ಬಗೆಯ ಶೋಲಿಕೋಲ. ಹುಲಿಗೆ ಹೆದ್ದಾರಿ ಈಗ ಒಡ್ಡುತ್ತಿರುವ ತಡೆಯನ್ನು ಈ ಹಕ್ಕಿಗಳಿಗೆ ಭೂಮಿಯೇ ಬಹಳ ಹಿಂದೆ ಒಡ್ಡಿತ್ತು. ಹಕ್ಕಿಗೆ ಹೊಸ ಬಗೆಯಾಗಿ ಬೆಳೆಯಲು ಲಕ್ಷಾಂತರ ವರ್ಷಗಳ ಕಾಲಾವಕಾಶವಿತ್ತು, ಹುಲಿಗೆ ಅದು ಇಲ್ಲ.

ಹಿಮಾಲಯದಲ್ಲಿ ಬಾಲವಿಲ್ಲದ ಮೊಲದ ಮರಿಯಂತೆ ಕಾಣುವ ಪೈಕಾಗಳ ಮೇಲೆ ನಿಶ್ಮಾ ದಹಾಲ್ ಮಾಡಿದ ಕೆಲಸದಿಂದ ಸಿಕ್ಕಿಂ ಪೈಕಾ ಒಂದು ಪ್ರತ್ಯೇಕ ಜಾತಿಯೆಂದು ಗೊತ್ತಾಯಿತು. ಪಶ್ಚಿಮ ಘಟ್ಟದ ಇಲಿ, ಮೂಗಿಲಿಗಳಲ್ಲಿ ಇರುವ ಬಾರ್ಟೊನೆಲ್ಲಾ ಬ್ಯಾಕ್ಟೀರಿಯಾಗಳ ಅಧ್ಯಯನವೂ ಇಲ್ಲಿ ನಡೆದಿದೆ; ಪ್ರಾಣಿಗಳಿಂದ ಮನುಷ್ಯರಿಗೆ ಹರಡಬಲ್ಲ ರೋಗಗಳನ್ನು ಮೊದಲೇ ಅರಿಯುವುದಕ್ಕೆ ಇಂಥ ಕೆಲಸ ಬೇಕು.

ಹುಲಿಯ ಮಾದರಿಗಳನ್ನು ಯಾರು ಬೇಕಾದರೂ ಸಂಗ್ರಹಿಸಬಹುದೇ? ವಿದೇಶಕ್ಕೆ ಕಳುಹಿಸಬಹುದೇ?

ಇಲ್ಲ. ಹುಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಸಂರಕ್ಷಿತ ಅರಣ್ಯದೊಳಗೆ ಸಂಶೋಧನೆಗೆ ರಾಜ್ಯದ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ದೇಶದ ಗಡಿ ದಾಟಿಸುವುದಕ್ಕೆ ಅಂತಾರಾಷ್ಟ್ರೀಯ ಒಪ್ಪಂದದ ನಿಯಮಗಳೂ ಅಡ್ಡ ಬರುತ್ತವೆ. ಆದ್ದರಿಂದ ಓದುವ ಯಂತ್ರಗಳೂ ಕೌಶಲವೂ ಇಲ್ಲಿಯೇ ಬೆಳೆಯಬೇಕಾಯಿತು; ಅದು ನಮಗೆ ಒಳ್ಳೆಯದನ್ನೇ ಮಾಡಿದೆ. ಕಾಡಿನಲ್ಲಿ ಹಿಕ್ಕೆ ಕಂಡವರು ದಯವಿಟ್ಟು ಅದನ್ನು ಮುಟ್ಟದೆ ಇಲಾಖೆಯ ಸಿಬ್ಬಂದಿಗೆ ತಿಳಿಸಿ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು/ಓದಿದವಳು. ಇಂಥ ಪ್ರಯೋಗಾಲಯ ಸೇರಲು ಏನು ಓದಬೇಕು?

ಜೀವಶಾಸ್ತ್ರವೇ ಆಗಬೇಕೆಂದಿಲ್ಲ. ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ಪಶುವೈದ್ಯ, ಅರಣ್ಯಶಾಸ್ತ್ರ ಓದಿದವರಿಗೂ ಇಲ್ಲಿ ಕೆಲಸವಿದೆ. ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ಜೀವಶಾಸ್ತ್ರ ಮತ್ತು ಸಂರಕ್ಷಣೆ ಎಂಬ ಎರಡು ವರ್ಷಗಳ ಎಂ.ಎಸ್‌ಸಿ. ಇದೆ, ಪಿಎಚ್‌.ಡಿ.ಗೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಮತ್ತು ಸಂದರ್ಶನ ಇರುತ್ತದೆ. ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿ ಇರುವುದರಿಂದ ಅದನ್ನು ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸ ಬೇಕೇ ಬೇಕು, ಮತ್ತು ಅದು ಒಂದೆರಡು ವರ್ಷಗಳಲ್ಲಿ ಬರುವಂಥದ್ದು. ಗುಂಡ್ಲುಪೇಟೆಯಲ್ಲೋ ಹುಣಸೂರಿನಲ್ಲೋ ಬೆಳೆದವರಿಗೆ ಕಾಡಿನ ಬಗ್ಗೆ ಇರುವ ತಿಳಿವಳಿಕೆ, ಅಲ್ಲಿನ ಜನರೊಂದಿಗೆ ಅವರ ಮಾತಿನಲ್ಲಿಯೇ ಮಾತನಾಡುವ ಸಾಮರ್ಥ್ಯ ಅಷ್ಟು ಬೇಗ ಬರುವುದಿಲ್ಲ. ಪದವಿಯ ಎರಡನೆಯ ವರ್ಷದಲ್ಲಿಯೇ ಸ್ವಲ್ಪ ಸಂಖ್ಯಾಶಾಸ್ತ್ರ ಕಲಿಯಿರಿ, ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ಅಭ್ಯಾಸ ಮಾಡಿ, ರಜೆಯಲ್ಲಿ ಬೇಸಿಗೆ ತರಬೇತಿಗೆ ಅರ್ಜಿ ಹಾಕಿ. ಅರ್ಜಿಯಲ್ಲಿ ನಿಮ್ಮ ಊರಿನ ಕಾಡಿನ ಬಗ್ಗೆ ನಿಮಗೆ ಗೊತ್ತಿರುವುದನ್ನೂ ಬರೆಯಿರಿ.